ಮೈಕಣ್ಣ ಕೈ ನೋಡಿದ್ದು

ಬಸ್ ನಿಲ್ದಾಣದಲ್ಲಿ ಮೈಕಣ್ಣನ ಮಾತು ಕೇಳದವರಿರಲಿಲ್ಲ. ಮನೆಯಲ್ಲಿ ಅವನ ಮಾತು ಕೇಳುವವರಿರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಲ್ದಾಣದಲ್ಲಿ ಅವನ ಮುಂದೆ ಮೈಕ್ ಇತ್ತು, ಮನೆಯಲ್ಲಿ ಹೆಂಡತಿ ಇದ್ದಳು.

ತಲೆಯ ಮೇಲೆ ಕೂದಲಿದ್ದ ಕಾಲದಿಂದಲೂ ಅವನು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಬಸ್ಸು ಕೂಗುತ್ತಿದ್ದ. "ಬಂದರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ" ಎಂದಷ್ಟೇ ಹೇಳಿದರೆ ಸಂಬಳ ಬರುತ್ತಿತ್ತು. ಆದರೆ ಅಷ್ಟಕ್ಕೇ ಸುಮ್ಮನಾಗುವ ಜಾಯಮಾನ ಅವನದಲ್ಲ. "ನೀಲಿ ಚೀಲದ ಅಜ್ಜೀ, ನೀವು ಹತ್ತಿರೋದು ಗಿರಣಿ ಕಡೆ ಬಸ್ಸು. ಇಳೀರಿ, ಇಳೀರಿ. ಕಂಡಕ್ಟರೇ, ಅಜ್ಜಿ ಇಳಿಯೋವರೆಗೂ ಸೀಟಿ ಊದ್ಬೇಡಿ" ಎಂದೂ ಸೇರಿಸುತ್ತಿದ್ದ. ಹಾಗೆಂದು ಅವನೇನು ತಪ್ಪೇ ಮಾಡದವನಲ್ಲ. ಒಮ್ಮೆ ಇಡೀ ಫುಟ್‌ಬಾಲ್ ತಂಡವನ್ನು ಮೈದಾನಕ್ಕೆ ವಿರುದ್ಧ ದಿಕ್ಕಿನ ಬಸ್ಸಿಗೆ ಹತ್ತಿಸಿ ಕಳಿಸಿದ್ದ. ಕೇಳಿದರೆ, "ಹೋಗಿದ್ರೂ ಸೋಲ್ತಿದ್ರು ಬಿಡಿ" ಎನ್ನುತ್ತಿದ್ದ.

ಆದರೆ ಮೈಕ್ ಆರಿಸಿದರೆ ಮೈಕಣ್ಣನ ಮಾತೂ ಆರಿಹೋಗುತ್ತಿತ್ತು. ಅದರಲ್ಲೂ ನಿಲ್ದಾಣದ ಸಾಹೇಬರ ಮುಂದೆ ನಿಂತರೆ "ಸಾರ್" ಎಂಬುದನ್ನು ಬಿಟ್ಟು ಎರಡನೇ ಪದ ಹೊರಡುತ್ತಿರಲಿಲ್ಲ. ಒಮ್ಮೊಮ್ಮೆ ಅದೂ ಪೂರ್ತಿ ಬರದೆ "ಸಾ" ಎನ್ನುವಲ್ಲೇ ಕೆಟ್ಟು ನಿಲ್ಲುತ್ತಿತ್ತು. ಸಾಹೇಬರಾದರೂ ಎಂಥವರು! ನಗುವನ್ನು ಮನೆಯಲ್ಲಿ ಬಿಟ್ಟು, ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಬಿಟ್ಟು, ಬಲಗೈಯಲ್ಲಿ ಫೈಲು ಹಿಡಿದು ಬರುವವರು. ಅವರ ಎಡಗೈ ಜೇಬಿನಿಂದ ಹೊರಬಂದದ್ದನ್ನು ನಿಲ್ದಾಣದಲ್ಲಿ ಯಾರೂ ಕಂಡವರಿಲ್ಲ. ಅಧಿಕಾರಿಗಳ ಗತ್ತೇ ಹಾಗೆ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ಹೀಗಿರುವಾಗ ಒಂದು ದಿನ ಕಚೇರಿಯ ಜವಾನ ಗಾಜಿನ ಕೋಣೆಗೆ ಬಂದು ಬಾಗಿಲು ಹಾಕಿದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಕಷ್ಟಸುಖ ಹಂಚಿಕೊಳ್ಳುತ್ತಿದ್ದರು. ಕಷ್ಟ ತರುವವನು ಯಾವಾಗಲೂ ಜವಾನನೇ.

"ಮೈಕಣ್ಣಾ, ನಿನ್ನ ಕುರ್ಚಿಗೆ ಕುತ್ತು ಬಂತು ಕಣೋ. ಮಾತಾಡೋ ಯಂತ್ರ ತರಿಸ್ತಾರಂತೆ. ಹೆಣ್ಣು ದನಿಯಂತೆ. ಅದಕ್ಕೆ ನೆಗಡಿ ಆಗಲ್ವಂತೆ, ರಜಾ ಬೇಡ್ವಂತೆ, ಮಧ್ಯೆ ಮಧ್ಯೆ ಚಹಾ ಕುಡಿಯಲ್ವಂತೆ."

"ಮತ್ತೆ ನಾನು?"

"ನಿನ್ನನ್ನ ಬಿಟ್ಟುಹೋದ ಸಾಮಾನಿನ ಗೋದಾಮಿಗೆ ಹಾಕ್ತಾರೆ. ಸಾಹೇಬ್ರು ಸಹಿ ಮಾಡೋದೊಂದೇ ಬಾಕಿ. ಈಗ್ಲೇ ಹೋಗಿ ಹೇಳ್ಕೋ."

ಆ ಗೋದಾಮು ನೆಲಮಾಳಿಗೆಯಲ್ಲಿತ್ತು. ಕಿಟಕಿಯೆಂಬುದೇ ಇರಲಿಲ್ಲ. ಪ್ರಯಾಣಿಕರು ಮರೆತ ಛತ್ರಿಗಳು, ಒಂಟಿ ಬೂಟುಗಳು, ಯಾರೋ ಪುಣ್ಯಾತ್ಮರು ಬಿಟ್ಟುಹೋದ ಒಂದು ಹಲ್ಲು ಸೆಟ್ಟು, ಇವೇ ಅಲ್ಲಿನ ಸಂಸಾರ. ಹಲ್ಲು ಸೆಟ್ಟಿದ್ದರೂ ಮಾತಾಡುವವರಿರಲಿಲ್ಲ. ಅಲ್ಲಿ ತಾನು ಬದುಕಲಾರೆ ಎಂದು ಮೈಕಣ್ಣನಿಗೆ ಗೊತ್ತಾಯಿತು. ಅವನು ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದ, "ಸಾ" ಎಂದ, ಸಾಹೇಬರು ತಲೆಯೆತ್ತಿದರು, ಬಾಗಿಲು ಎಳೆದುಕೊಂಡು ಹೊರಗೆ ಬಂದ.

ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಗ್ರಂಥಾಲಯದ ಸಭಾಂಗಣದಲ್ಲಿ ಭಾಷಣ ನಡೆಯುತ್ತಿತ್ತು. ಭಾಷಣಕ್ಕಿಂತ ಅಲ್ಲಿನ ಫ್ಯಾನು ಚೆನ್ನಾಗಿತ್ತು. ಮೈಕಣ್ಣ ಫ್ಯಾನಿನ ಕೆಳಗೆ ಕೂತ. ಮಾತಾಡುತ್ತಿದ್ದವರು ನಿದ್ರೆಯ ಡಾಕ್ಟರು; ಸಭಿಕರಲ್ಲಿ ಅರ್ಧ ಜನ ಆಗಲೇ ಅವರ ಚಿಕಿತ್ಸೆಗೆ ಒಳಗಾಗಿದ್ದರು.

"ಕನಸು ಕಾಣ್ತಾ ಇರುವಾಗಲೇ ಇದು ಕನಸು ಅಂತ ತಿಳಿಯೋಕೆ ಸಾಧ್ಯ" ಎಂದರು ಡಾಕ್ಟರು. "ಇದು ಇವತ್ತಿನ ಮಾತಲ್ಲ. ನಿದ್ದೆಯಲ್ಲಿ ಒಮ್ಮೊಮ್ಮೆ ಒಳಗಿಂದಲೇ ಏನೋ ಒಂದು 'ಇದು ಕನಸು' ಅಂತ ಹೇಳುತ್ತೆ ಅಂತ ಸಾವಿರಾರು ವರ್ಷದ ಹಿಂದಿನ ತತ್ತ್ವಜ್ಞಾನಿಗಳು ಬರೆದಿಟ್ಟಿದ್ದಾರೆ. ಹಿಮದ ಬೆಟ್ಟಗಳ ಸನ್ಯಾಸಿಗಳು ಇದನ್ನೇ ಒಂದು ಸಾಧನೆ ಮಾಡಿಕೊಂಡಿದ್ರು. ವಿಜ್ಞಾನಿಗಳು ಮಾತ್ರ ಬಹಳ ಕಾಲ ನಂಬಲಿಲ್ಲ. ಕೊನೆಗೆ ಒಬ್ಬನನ್ನ ಮಲಗಿಸಿ, ತಲೆಗೆಲ್ಲ ತಂತಿ ಅಂಟಿಸಿ ಕಾದು ಕೂತ್ರು. ಅವನು ನಿದ್ದೆಯಲ್ಲಿ ಕನಸು ಕಾಣ್ತಾ, ಮೊದಲೇ ಮಾತಾಡಿಕೊಂಡಿದ್ದ ಹಾಗೆ ಕಣ್ಣುಗುಡ್ಡೆಯನ್ನ ಎಡಕ್ಕೆ ಬಲಕ್ಕೆ ಆಡಿಸಿ, ಕನಸಿನ ಒಳಗಿಂದಲೇ 'ನಂಗೆ ಗೊತ್ತಾಯ್ತು' ಅಂತ ಸುದ್ದಿ ಕಳಿಸಿದ!"

ನಿದ್ದೆ ಮಾಡುತ್ತಲೇ ಕೆಲಸ ಮಾಡಬಹುದು ಎಂಬುದು ಸರ್ಕಾರಿ ನೌಕರನಾದ ಮೈಕಣ್ಣನಿಗೆ ಹೊಸ ವಿಷಯವೇನಲ್ಲ. ಆದರೆ ಮುಂದಿನ ಮಾತು ಅವನನ್ನು ನೆಟ್ಟಗೆ ಕೂರಿಸಿತು.

"ಅಲ್ಲಿ ನೀವು ಏನು ಬೇಕಾದ್ರೂ ಮಾಡಬಹುದು. ಹಾರಬಹುದು. ಎದುರಿಗೆ ಬಾಯಿ ಬಿಡೋಕಾಗದ ಮೇಲಧಿಕಾರಿಗೆ ಮನಸಲ್ಲಿರೋದನ್ನೆಲ್ಲಾ ಹೇಳಿ ಅಭ್ಯಾಸ ಮಾಡ್ಕೋಬಹುದು. ಅಲ್ಲಿ ರೂಢಿಯಾದದ್ದು ಇಲ್ಲಿ ಕೈ ಹಿಡಿಯುತ್ತೆ."

ಉಪಾಯವೂ ಸುಲಭವಾಗಿತ್ತು. ಹಗಲಿಡೀ ಆಗಾಗ ಕೈ ನೋಡಿಕೊಳ್ಳಬೇಕು, ಬೆರಳು ಎಣಿಸಬೇಕು, ಇದು ಕನಸೋ ನನಸೋ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಹಗಲಿನ ಅಭ್ಯಾಸ ಕನಸಿಗೂ ಬರುತ್ತದೆ. ಕನಸಿನಲ್ಲಿ ಬೆರಳಿನ ಲೆಕ್ಕ ತಪ್ಪುತ್ತದೆ. ಆರೋ ಏಳೋ ಬರುತ್ತದೆ. ಆರು ಬಂತೋ, ಅದು ಕನಸೆಂದು ತಿಳಿಯಿರಿ, ಮುಂದೆ ನೀವೇ ರಾಜರು ಎಂದು ಹೇಳಿ ಡಾಕ್ಟರು ನೀರು ಕುಡಿದರು.

ಮೈಕಣ್ಣ ಮರುದಿನ ಬೆಳಿಗ್ಗೆಯಿಂದಲೇ ಕೈ ನೋಡಲು ಶುರು ಮಾಡಿದ. ಹಲ್ಲುಜ್ಜುತ್ತಾ ನೋಡಿದ, ಬೂಟು ಹಾಕುತ್ತಾ ನೋಡಿದ, ಬಾಲ್ಕನಿಯಲ್ಲಿ ನಿಂತು ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದ. ಎದುರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಟೀಚರಮ್ಮ ಅದನ್ನು ನೋಡಿದರು. ಅವರು ನಿವೃತ್ತರಾಗಿ ವರ್ಷಗಳಾಗಿದ್ದರೂ ಬೀದಿಯವರ ಹಾಜರಿ ತೆಗೆದುಕೊಳ್ಳುವುದನ್ನು ಬಿಟ್ಟಿರಲಿಲ್ಲ.

"ಏನಮ್ಮಾ, ನಿಮ್ಮ ಯಜಮಾನ್ರು ಏನ್ ಮಾಡ್ತಿದಾರೆ?" ಎಂದು ಅಡುಗೆಮನೆಯ ಕಿಟಕಿಯಲ್ಲಿ ಕಂಡ ಹೆಂಡತಿಯನ್ನು ಕೇಳಿದರು.

ಹೆಂಡತಿಯ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಕೈ ನೋಡ್ತಿದಾರೆ ಟೀಚರಮ್ಮ. ಎಲ್ಲೋ ಹೋಗಿ ಕಲ್ತು ಬಂದಿದಾರೆ" ಎಂದಳು.

ಹೇಳಿದ್ದು ಅಕ್ಷರಶಃ ನಿಜ. ಆದರೆ ಕೈ ನೋಡುವುದು ಎಂದರೆ ನಮ್ಮಲ್ಲಿ ಕೈಯನ್ನು ನೋಡುವುದಲ್ಲವಲ್ಲ! ಹಣೆಬರಹ ಹೇಳುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಟೀಚರಮ್ಮನದು. ಹಾಲು ಉಕ್ಕಿ ಆರುವಷ್ಟರಲ್ಲಿ ಮೈಕಣ್ಣ ಹಸ್ತಸಾಮುದ್ರಿಕ ಕಲಿತ ಸುದ್ದಿ ಬೀದಿಯ ಆ ತುದಿ ಮುಟ್ಟಿ, ಸ್ವಲ್ಪ ದಪ್ಪಗಾಗಿ ಈ ತುದಿಗೆ ವಾಪಸು ಬಂದಿತ್ತು.

ಸಂಜೆ ಅವನು ಮನೆಗೆ ಬಂದಾಗ ಟೀಚರಮ್ಮ ಅವನ ಕುರ್ಚಿಯಲ್ಲೇ ಕೂತಿದ್ದರು. "ನಮ್ಮ ಹತ್ರಾನೇ ಮುಚ್ಚಿಡ್ತೀರಲ್ಲಾ! ಹಿಡೀರಿ" ಎಂದು ಕೈ ಚಾಚಿದರು. "ಸ್ವಂತ ಮನೆ ಆಗ್ಬೇಕು ಅನ್ನೋದು ನನ್ನ ಜೀವಮಾನದ ಆಸೆ. ಆಗುತ್ತಾ, ಬರೀ ಕನಸಾ?"

ಮೈಕಣ್ಣನಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆಯಿಂದ ಕೈ ಕಂಡಲ್ಲಿ ಎಣಿಸುವುದು ರೂಢಿಯಾಗಿಬಿಟ್ಟಿತ್ತು. ಟೀಚರಮ್ಮನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ಐದಿದ್ದವು. ರೂಢಿಯಂತೆ ಗಂಭೀರವಾಗಿ ಗೊಣಗಿದ: "ಇಲ್ಲ. ಇದು ಕನಸಲ್ಲ."

ಟೀಚರಮ್ಮನ ಕಣ್ಣಲ್ಲಿ ನೀರು ಬಂತು. "ಕನಸಲ್ವಂತೆ! ಕೇಳಿದ್ಯೇನಮ್ಮಾ? ಕನಸಲ್ವಂತೆ!" ಎಂದು ಹೆಂಡತಿಯನ್ನು ತಬ್ಬಿಕೊಂಡರು.

ವಿಧಿ ಕೂಡ ಒಮ್ಮೊಮ್ಮೆ ಮಾಡಲು ಕೆಲಸವಿಲ್ಲದೆ ಇಂಥವರ ಜೊತೆ ಸೇರಿಕೊಳ್ಳುತ್ತದೆ. ಅದೇ ವಾರ ಟೀಚರಮ್ಮನ ಮನೆಯ ಮಾಲೀಕರು ಮಗಳ ಊರಿಗೆ ಹೋಗುವುದೆಂದು ತೀರ್ಮಾನಿಸಿ, ಮನೆಯನ್ನು ಅವರಿಗೇ ಮಾರುವುದಾಗಿ ಹೇಳಿಬಿಟ್ಟರು. ಮುಗಿಯಿತಲ್ಲ ಕಥೆ! ಮೆಟ್ಟಿಲ ಮೇಲೆ ಜನ ಸಾಲು ನಿಂತರು. ಮೂಲೆಮನೆ ದರ್ಜಿ ಮಗನ ಓದಿನ ಬಗ್ಗೆ ಕೇಳಿದ, ಅವನ ಹೆಂಡತಿ ದರ್ಜಿಯ ಬುದ್ಧಿಯ ಬಗ್ಗೆ ಕೇಳಿದಳು. ಮೈಕಣ್ಣ ಎಲ್ಲರಿಗೂ, "ಅಯ್ಯೋ, ನಂಗೇನೂ ಬರಲ್ಲ, ನಾನು ಬೆರಳು ಎಣಿಸ್ತೀನಿ ಅಷ್ಟೆ" ಎಂದು ಹೇಳಿಯೇ ಹೇಳಿದ.

"ಗೆರೆ ನೋಡಲ್ವಂತೆ, ಬರೀ ಬೆರಳು ಎಣಿಸಿ ಹೇಳ್ತಾರಂತೆ! ಎಂಥಾ ಸಿದ್ಧಿ ನೋಡಿ" ಎಂದರು ಜನ.

ಹೆಂಡತಿಗೆ ಮೊದಮೊದಲು ಸಿಟ್ಟು ಬಂದರೂ ಆಮೇಲೆ ಹೊಂದಿಕೊಂಡಳು. ಮದುವೆಯಾದಂದಿನಿಂದ "ಮೈಕಿನವನ ಹೆಂಡತಿ" ಎನಿಸಿಕೊಂಡಿದ್ದವಳನ್ನು ಈಗ ಜನ "ಅಮ್ಮಾವ್ರೇ" ಎನ್ನುತ್ತಿದ್ದರು.

"ಅಲ್ವೇ, ನೀನಾದ್ರೂ ನಿಜ ಹೇಳ್ಬಾರ್ದಾ?" ಎಂದ ಮೈಕಣ್ಣ.

"ಹೇಳ್ದೆ. ಯಾರೂ ನಂಬಲಿಲ್ಲ. ನೀವು ಸಾಹೇಬ್ರಿಗೆ ನಿಜ ಹೇಳಿದ್ರಾ? ಮೊದ್ಲು ಅದನ್ನ ನೋಡಿ" ಎಂದಳು ಹೆಂಡತಿ.

ಅದೇ ಆಗದ ಕೆಲಸ. ಇಷ್ಟೆಲ್ಲ ಅಭ್ಯಾಸ ಮಾಡಿದರೂ ಬೇಕಾದ ಕನಸು ಮಾತ್ರ ಬೀಳುತ್ತಿರಲಿಲ್ಲ. ಒಂದು ಕನಸಿನಲ್ಲಿ ಸಾಹೇಬರು ಎದುರಿಗೇ ನಿಂತಿದ್ದರು. ಕೈ ನೋಡಿಕೊಳ್ಳೋಣವೆಂದರೆ ಮೈಕಣ್ಣನ ಎರಡೂ ಕೈಯಲ್ಲಿ ಸಂತೆಯ ಚೀಲಗಳಿದ್ದವು. ಇನ್ನೊಂದರಲ್ಲಿ ಕೈಗವಸು ಹಾಕಿಕೊಂಡಿದ್ದ. ಮೂರನೆಯದರಲ್ಲಿ ಬೆರಳು ಏಳಿದ್ದವು. ಆದರೆ ಎರಡು ಪಕ್ಕದವರದು ಎಂದು ಸಮಾಧಾನ ಹೇಳಿಕೊಂಡು ಮುಂದೆ ಹೋಗಿಬಿಟ್ಟ. ಅತ್ತ ಯಂತ್ರ ಬರುವ ದಿನ ಹತ್ತಿರವಾಗುತ್ತಿತ್ತು.

ಸುದ್ದಿ ನಿಲ್ದಾಣಕ್ಕೂ ಬಂತು. ಕಂಡಕ್ಟರುಗಳು ಟಿಕೆಟ್ಟಿನ ಚೀಲ ನೇತುಹಾಕಿಕೊಂಡೇ ಗಾಜಿನ ಕಿಟಕಿಯೊಳಗೆ ಕೈ ತೂರಿಸಿದರು. ಜವಾನನಂತೂ ದಿನಾ ಬಂದು, "ನನ್ನ ಕೈ ಒಂದು ನೋಡೋ, ಹಳೇ ಸ್ನೇಹಿತ ಕಣೋ" ಎಂದು ಗೋಗರೆಯುತ್ತಿದ್ದ. ಮೈಕಣ್ಣ ಬೈದು ಕಳಿಸುತ್ತಿದ್ದ. ಅವನು ಅಲ್ಲಿಂದ ಹೋಗಿ ಯಾರಿಗೆ ಏನು ಹೇಳಿದನೋ, ಒಂದು ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಓಡಿಬಂದ.

"ಸಾಹೇಬ್ರು ಕರೀತಿದಾರೆ. ಒಬ್ಬನೇ ಬರ್ಬೇಕಂತೆ."

ಸಹಿ ಬಿತ್ತು ಎಂದುಕೊಂಡ ಮೈಕಣ್ಣ. ಗೋದಾಮಿನ ಛತ್ರಿಗಳೆಲ್ಲ ಕಣ್ಣ ಮುಂದೆ ಬಿಚ್ಚಿಕೊಂಡವು. ಕಾಲೆಳೆದುಕೊಂಡು ಸಾಹೇಬರ ಕೋಣೆಗೆ ಹೋದ.

ಒಳಗೆ ನಡೆದದ್ದೆಲ್ಲ ವಿಚಿತ್ರವಾಗಿಯೇ ಇತ್ತು. ಸಾಹೇಬರು ನಕ್ಕರು. "ಬನ್ನಿ, ಕೂತ್ಕೊಳ್ಳಿ" ಎಂದರು. ತಾವೇ ಎದ್ದು ಬಾಗಿಲ ಚಿಲಕ ಹಾಕಿದರು. ತಮ್ಮ ಚಹಾವನ್ನು ಅವನ ಕಡೆ ತಳ್ಳಿದರು. ಇದೆಲ್ಲಾ ನಿಜವಿರಲು ಹೇಗೆ ಸಾಧ್ಯ ಎಂದು ಮೈಕಣ್ಣನಿಗೆ ಆಗಲೇ ಗುಮಾನಿ ಹತ್ತಿತ್ತು. ಸಾಹೇಬರು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು.

"ನೀವು ಕೈ ನೋಡ್ತೀರಂತೆ. ಬಲಗೈ ಎಲ್ಲಾ ಜ್ಯೋತಿಷಿಗಳಿಗೂ ತೋರಿಸಿದ್ದಾಯ್ತು, ಒಬ್ಬೊಬ್ಬರು ಒಂದೊಂದು ಹೇಳಿದ್ರು. ಇದನ್ನ ಇದುವರೆಗೂ ಯಾರಿಗೂ ತೋರಿಸಿಲ್ಲ. ನೋಡಿ ಹೇಳಿ. ಈ ಯಂತ್ರದ ವಿಷಯದಲ್ಲಿ ನಂಗೇನಾದ್ರೂ ಎಡವಟ್ಟು ಕಾದಿದೆಯಾ?"

ಹಾಗೆಂದು ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಮೈಕಣ್ಣ ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು. ಆರು. ಆ ತುದಿಯಿಂದ ಎಣಿಸಿದ. ಆರು! ಅವನ ಮುಖ ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಅರಳಿತು. ಕೊನೆಗೂ ಕನಸು ಬಿದ್ದಿತ್ತು, ಅದೂ ಸಾಹೇಬರ ಸಮೇತ!

"ಏನು... ಏನ್ ಕಾಣ್ತಿದೆ?" ಎಂದರು ಸಾಹೇಬರು.

"ಎಲ್ಲಾ ಕಾಣ್ತಿದೆ! ನೀನು ಬಾಯಿ ಮುಚ್ಕೊಂಡು ಕೂತ್ಕೊ" ಎಂದ ಮೈಕಣ್ಣ.

ಸಾಹೇಬರು ಕೂತರು. ಭವಿಷ್ಯ ಹೇಳುವವರ ಬಾಯಲ್ಲಿ ಬಹುವಚನ ಬರುವುದಿಲ್ಲವೆಂದು ಅವರು ಕೇಳಿದ್ದರು.

"ಈ ಕೈಲಿ ಆ ಯಂತ್ರ ಹಾಕಿಸ್ತೀಯಾ? ಹಾಕಿಸು! ಅದಕ್ಕೆ ಬಾಯಿದೆ, ಕಣ್ಣಿದೆಯೇನೋ? ಅಜ್ಜಿ ಬೇರೆ ಬಸ್ಸು ಹತ್ತಿದ್ರೆ ಇಳೀ ಅನ್ನುತ್ತಾ? ಮಗು ತಪ್ಪಿಸಿಕೊಂಡ್ರೆ, ಕೆಂಪಂಗಿ ಪುಟ್ಟಾ, ಅಲ್ಲೇ ನಿಂತಿರು, ನಿಮ್ಮಮ್ಮ ಬರ್ತಿದಾಳೆ ಅಂತ ಕೂಗುತ್ತಾ? ಒಂದು ದಿನಾನಾದ್ರೂ ಈ ಕೋಣೆಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡ್ ಹೇಗಿದೆ ಅಂತ ನೋಡಿದೀಯಾ ನೀನು? ಕೈ ಜೇಬಲ್ಲಿ, ಕಣ್ಣು ಫೈಲಲ್ಲಿ! ನನ್ನನ್ನ ಗೋದಾಮಿಗೆ ಹಾಕ್ತೀಯಾ? ನಾನೇನು ಯಾರೋ ಬಿಟ್ಟುಹೋದ ಛತ್ರೀನಾ?"

ಸಾಹೇಬರ ಮುಖ ಬಿಳಿಚಿಕೊಂಡಿತು. ಮೈಕಣ್ಣನಿಗೆ ಎದೆ ಹಗುರಾಯಿತು. ಹೇಳಬೇಕಾದದ್ದೆಲ್ಲ ಹೇಳಿಯಾಗಿತ್ತು, ಇನ್ನೂ ಎಚ್ಚರವಾಗಿರಲಿಲ್ಲ. ಉಳಿದ ಕನಸನ್ನು ಯಾಕೆ ಹಾಳು ಮಾಡುವುದು? ಹಾರುವುದೊಂದು ಬಾಕಿಯಿತ್ತು. ಅವನು ಕುರ್ಚಿ ಹತ್ತಿದ, ಕುರ್ಚಿಯಿಂದ ಮೇಜು ಹತ್ತಿದ, ಫೈಲುಗಳ ನಡುವೆ ಕಾಲು ಸರಿಮಾಡಿಕೊಂಡು ನಿಂತು, ಎರಡೂ ಕೈ ಅಗಲಿಸಿದ.

"ಏನ್ರೀ ಇದು? ಎಲ್ಲಿಗೆ?" ಎಂದು ಸಾಹೇಬರು ಕೂಗಿದರು.

"ಬಂದರಿಗೆ!" ಎಂದು ಹೇಳಿ ಮೈಕಣ್ಣ ಹಾರಿದ.

ಕನಸಿನಲ್ಲಿ ಬಿದ್ದರೆ ಎಚ್ಚರವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಚ್ಚರದಲ್ಲಿ ಬಿದ್ದರೆ ಏನಾಗುತ್ತದೆ ಎಂದು ಆ ದಿನ ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ಮೈಕಣ್ಣನ ಪಾದ ತಿರುಚಿಕೊಂಡಿತು, ಮೊಣಕೈ ಕಬ್ಬಿಣದ ಬೀರುವಿಗೆ ಬಡಿಯಿತು, "ಅಯ್ಯಮ್ಮಾ" ಎಂಬ ಕೂಗು ಮೈಕಿಲ್ಲದೆಯೇ ನಿಲ್ದಾಣದ ತುಂಬ ಕೇಳಿಸಿತು. ನೋವೆಂದರೆ ನೋವು. ಇಷ್ಟು ಅಚ್ಚುಕಟ್ಟಾದ ನೋವು ಯಾವ ಕನಸಿನಲ್ಲೂ ಇರುವುದಿಲ್ಲ. ಅವನು ಮೆಲ್ಲಗೆ ತಲೆಯೆತ್ತಿ ನೋಡಿದ. ಸಾಹೇಬರು ಮೇಜು ಸುತ್ತಿ ಬಂದು ಎರಡೂ ಕೈ ಚಾಚಿ ಅವನನ್ನು ಎಬ್ಬಿಸುತ್ತಿದ್ದರು. ಎಡಗೈಯಲ್ಲಿ ಈಗಲೂ ಆರು ಬೆರಳಿದ್ದವು.

"ಸಾ" ಎಂದ ಮೈಕಣ್ಣ.

ಸಾಹೇಬರು ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಎಡಗೈಯನ್ನು ಮತ್ತೆ ಮುಂದೆ ಚಾಚಿದರು. "ನೀವು ಹೇಳಿದ್ದೆಲ್ಲಾ ನನ್ನ ಕೈಯಲ್ಲಿ ಬರೆದಿದೆಯೇನ್ರೀ? ಬರೆದಿದ್ರೆ ಹೇಳಿಬಿಡಿ. ನಾನು ಆ ಯಂತ್ರಾನ ಗಾಜಿನ ಕೋಣೆ ಹತ್ರಕ್ಕೂ ಬಿಡಲ್ಲ."

ಹೌದು ಎಂದರೆ ಸಾಕಿತ್ತು. ಎರಡಕ್ಷರವೂ ಪೂರ್ತಿ ಬೇಡ, ತಲೆಯಾಡಿಸಿದ್ದರೂ ಆಗುತ್ತಿತ್ತು. ಗಾಜಿನ ಕೋಣೆ ಉಳಿಯುತ್ತಿತ್ತು, ಕುರ್ಚಿ ಉಳಿಯುತ್ತಿತ್ತು, ಜನ ಹೇಗೂ ನಂಬಿಕೊಂಡೇ ಇದ್ದರು. ಆದರೆ ಆ ಮನುಷ್ಯ ಎಲ್ಲರಿಂದ ಬಚ್ಚಿಟ್ಟಿದ್ದ ಕೈಯನ್ನು ತನ್ನ ಮುಂದೆ ಚಾಚಿಕೊಂಡು ನಿಂತಿದ್ದ. ಮೈಕಣ್ಣನಿಗೆ ನಾಚಿಕೆಯಾಯಿತು, ಪಾಪ ಅನ್ನಿಸಿತು.

"ನಂಗೆ ಕೈ ನೋಡೋಕೆ ಬರಲ್ಲ ಸಾರ್" ಎಂದ. "ಎಣಿಸೋಕೆ ಮಾತ್ರ ಬರುತ್ತೆ."

ಆಮೇಲೆ ಡಾಕ್ಟರು, ಕನಸು, ಬೆರಳು, ಉಕ್ಕಿದ ಹಾಲು, ಟೀಚರಮ್ಮ ಎಲ್ಲವನ್ನೂ ತೊದಲುತ್ತಾ ಹೇಳಿದ. ಸಾಹೇಬರು ಕೈಯನ್ನು ಜೇಬಿನತ್ತ ತಂದರು, ಯಾಕೋ ಹಾಕಲಿಲ್ಲ.

"ಅಂದ್ರೆ ಆರು ಬೆರಳು ಕಂಡ ತಕ್ಷಣ ಇದು ಕನಸು ಅಂದ್ಕೊಂಡ್ರಾ?"

"ಹೌದು ಸಾರ್. ತಪ್ಪಾಯ್ತು ಸಾರ್."

"ಶಾಲೆಯಲ್ಲಿ ನನ್ನನ್ನ ಅರ್ಧ ಡಜನ್ ಅಂತ ಕರೀತಿದ್ರು" ಎಂದರು ಸಾಹೇಬರು. "ಇದನ್ನ ನೋಡಿ ಇಷ್ಟು ಖುಷಿಪಟ್ಟವರು ನೀವೊಬ್ರೇ." ಅವರು ಮೇಜಿನ ಆ ಕಡೆ ಹೋಗಿ ಕೂತು ಹೇಳಿದರು: "ಹಾಗಾದ್ರೆ ಆ ಮಾತು ನನ್ನ ಕೈಯದ್ದಲ್ಲ. ನಿಮ್ಮ ಬಾಯಿಯದ್ದು."

"ಹೌದು ಸಾರ್."

"ಈಗ ಎಚ್ಚರವಾಗಿದೀರಾ?"

"ಕಾಲು ನೋಯ್ತಿದೆ ಸಾರ್. ಎಚ್ಚರವಾಗೇ ಇದೀನಿ."

"ಹಾಗಾದ್ರೆ ಈಗ ಇನ್ನೊಂದು ಸಲ ಹೇಳಿ."

ಮೈಕಣ್ಣ ಬಾಯಿ ತೆರೆದ. "ಸಾ" ಬಂತು. ನಿಂತಿತು. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಹೋಯಿತು. ಮೈಕಿಲ್ಲ, ಕನಸಿಲ್ಲ, ನಡುವೆ ಗಾಜೂ ಇಲ್ಲ. ಅವನು ಕುರ್ಚಿಯ ತೋಳು ಹಿಡಿದು ಎದ್ದು ಒಂಟಿಕಾಲಲ್ಲಿ ನಿಂತ.

"ಸಾರ್, ಯಂತ್ರಕ್ಕೆ ಕಣ್ಣಿಲ್ಲ ಸಾರ್. ನಂಗಿದೆ. ನಾನೂ ತಪ್ಪು ಮಾಡ್ತೀನಿ, ಫುಟ್‌ಬಾಲ್‌ನವರ ವಿಷಯ ತಮಗೂ ಗೊತ್ತು. ಆದ್ರೆ ಯಾರಾದ್ರೂ ದಿಕ್ಕು ತಪ್ಪಿ ನಿಂತಿದ್ರೆ ನಂಗೆ ಕಾಣುತ್ತೆ, ಕಂಡ್ರೆ ಸುಮ್ನಿರೋಕಾಗಲ್ಲ. ನಂಗೆ ಆ ಕೋಣೆ ಬೇಕು ಸಾರ್. ಗೋದಾಮಿಗೆ ಹಾಕಬೇಡಿ."

ದನಿ ಒಡೆದಿತ್ತು, ಛತ್ರಿಯ ಮಾತು ಮರೆತುಹೋಗಿತ್ತು. ಆದರೂ ಹೇಳಿದ್ದ. ಹೇಳಿದ ಮೇಲೆ ಅವನಿಗೇ ನಂಬಿಕೆಯಾಗಲಿಲ್ಲ. ಕಳ್ಳತನದಲ್ಲಿ ಒಮ್ಮೆ ತನ್ನ ಬೆರಳು ಎಣಿಸಿಕೊಂಡ. ಐದೇ ಇದ್ದವು.

ಸಾಹೇಬರು ಫೈಲು ಎಳೆದುಕೊಂಡರು. "ಯಂತ್ರ ಮೇಲಿನಿಂದ ಬರ್ತಿದೆ. ಬೇಡ ಅನ್ನೋದು ನನ್ನ ಕೈಲಾಗಲ್ಲ. ಎಲ್ಲಿ ಇಡಬೇಕು ಅನ್ನೋದು ಮಾತ್ರ ನನ್ನ ಕೈಲಿದೆ." ಎಡಗೈಯಿಂದ ಫೈಲನ್ನು ಒತ್ತಿ ಹಿಡಿದು ಬಲಗೈಯಿಂದ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಯಂತ್ರವನ್ನು ಗೋದಾಮಿಗೆ ನೇಮಿಸಲಾಗಿದೆ."

"ಸಾರ್..."

"ಅಲ್ಲಿ ಛತ್ರಿಗಳಿಗೆ ಬಸ್ಸಿನ ಹೊತ್ತು ಹೇಳ್ಕೊಂಡಿರಲಿ. ನೀವು ನಡೀರಿ. ಮತ್ತೆ, ಇದೊಂದು ತಿಳ್ಕೊಳ್ಳಿ. ಏಕವಚನ ಇವತ್ತಿಗೇ ಕೊನೆ."

ಮೈಕಣ್ಣ ಕುಂಟುತ್ತಾ ಹೋಗಿ ಚಿಲಕ ತೆಗೆದ. ಬಾಗಿಲಿಗೆ ಕಿವಿಯಿಟ್ಟಿದ್ದ ಜವಾನ ಒಳಗೆ ಬೀಳುವುದರಲ್ಲಿದ್ದ. ಅವನ ಹಿಂದೆ ಕಂಡಕ್ಟರುಗಳು, ಚಹಾದವನು, ಟಿಕೆಟ್ ಕೌಂಟರಿನವಳು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗಿನ ಮಾತು ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ. ಸಾಹೇಬರನ್ನು ಏಕವಚನದಲ್ಲಿ ಬೈದದ್ದು, ಏನೋ ದೊಪ್ಪನೆ ಬಿದ್ದದ್ದು, ಯಂತ್ರ ಗೋದಾಮಿಗೆ ಹೋದದ್ದು, ಇಷ್ಟು ಮಾತ್ರ ಕೇಳಿಸಿತ್ತು. ಇಷ್ಟು ಸಾಕಲ್ಲ.

"ಸಾಹೇಬ್ರ ಕೈ ನೋಡಿ ಅವರ ಹಣೆಬರಹಾನೇ ಬದಲಾಯಿಸಿಬಿಟ್ಯಲ್ಲೋ!" ಎಂದು ಜವಾನ ತನ್ನ ಅಂಗೈಯನ್ನು ಅವನ ಮೂಗಿನ ಹತ್ತಿರ ಹಿಡಿದ. "ಇನ್ನು ಬಿಡಲ್ಲ. ನಂದೂ ನೋಡು. ಎಷ್ಟು ದಿನ ಆಯ್ತು ಕೇಳ್ತಿದೀನಿ!"

ನಾಲ್ಕನೇ ಪ್ಲಾಟ್‌ಫಾರಂನಲ್ಲಿ ಗಿರಣಿಯ ಬಸ್ಸು ಹೊರಡಲು ಗುರುಗುಡುತ್ತಿತ್ತು, ಕೂಗುವವರಿರಲಿಲ್ಲ. ಮೈಕಣ್ಣ ಜವಾನನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ಸುತ್ತಲಿದ್ದವರೆಲ್ಲ ಕತ್ತು ಚಾಚಿದರು.

"ಐದಿದೆ ಕಣೋ" ಎಂದ. "ಹೋಗಿ ಕೆಲಸ ನೋಡು."